ಚೆಕ್ ಎಂಜಿನ್ ಲೈಟ್ ಹತ್ತಿದ್ರೆ ಮೊದಲು ಸೆನ್ಸರ್ ತಗೋಬೇಡಿ: ಪುಣೆಯ ಒಂದು ಗ್ಯಾರೇಜು, ಒಂದು ಡಾಂಗಲ್ಲು

ಪುಣೆಲಿ ಇರೋ ನಮ್ಮ ಕನ್ನಡದವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಪೂರ್ತಿ ಓದಿ, ಯಾಕಂದ್ರೆ ನಂಗೆ ಹತ್ತೊಂಬತ್ತು ಸಾವಿರ ಉಳಿದಿದೆ, ನಿಮ್ಗೂ ಉಳೀಬಹುದು.

ನಮ್ದು 2014ರ ಪೆಟ್ರೋಲ್ ಗಾಡಿ, ಚಿಕ್ಕ ಹ್ಯಾಚ್‌ಬ್ಯಾಕು, 92 ಸಾವಿರ ಕಿಲೋಮೀಟರ್ ಓಡಿದೆ. ಮೇ ಕೊನೇಲಿ ದಾವಣಗೆರೆಗೆ ಅಮ್ಮನ ಮನೆಗೆ ಹೋಗಿ ವಾಪಸ್ ಬರ್ತಿದ್ವಿ. ಕೊಲ್ಲಾಪುರದಿಂದ ಈಚೆಗೆ ಹೈವೇ ಅಗಲ ಮಾಡೋ ಕೆಲಸ ನಡೀತಿದ್ಯಲ್ಲ, ಹೆಜ್ಜೆಹೆಜ್ಜೆಗೂ ಡೈವರ್ಷನ್ನು, ಕರಾಡ್ ಹತ್ರ ಒಂದ್ಕಡೆ ಕತ್ಲಲ್ಲಿ ಗುಂಡಿ ಕಾಣ್ಲಿಲ್ಲ, ಗಾಡಿ ತಳ ಟಣ್ ಅಂತ ಬಡೀತು. ಇಳಿದು ಮೊಬೈಲ್ ಟಾರ್ಚ್ ಹಾಕಿ ನೋಡಿದ್ವಿ, ಆಯಿಲ್ ಏನೂ ಸೋರ್ತಿರ್ಲಿಲ್ಲ, ಸರಿ ಅಂತ ಹೊರಟ್ವಿ. ಸಾತಾರಾ ದಾಟಿ ಒಂದ್ಕಡೆ ಚಹಾ ಕುಡಿದು ಗಾಡಿ ಸ್ಟಾರ್ಟ್ ಮಾಡಿ ಹೊರಟು ಖಂಬಾಟ್ಕಿ ಸುರಂಗ ಇನ್ನೂ ಬಂದಿರ್ಲಿಲ್ಲ, ಮೀಟರಲ್ಲಿ ಹಳದಿ ಎಂಜಿನ್ ಚಿತ್ರ ಹತ್ಕೊಂಡ್ತು. ಗಾಡಿ ಓಟದಲ್ಲಿ ಒಂಚೂರೂ ವ್ಯತ್ಯಾಸ ಇಲ್ಲ, ಪಿಕಪ್ ಹಾಗೇ ಇದೆ, ಟೆಂಪರೇಚರ್ ಮುಳ್ಳು ನಡುವಲ್ಲೇ ಇದೆ. ಹಿಂದಿನ ಸೀಟಲ್ಲಿ ಮಗಳು ನಿದ್ದೆ, ರಾತ್ರಿ ಒಂಬತ್ತೂವರೆ, ಎದೆ ಡವಡವ ಅಂತಿತ್ತು. ನಿಧಾನಕ್ಕೆ ಓಡಿಸ್ಕೊಂಡು ವಾಕಡ್‌ನ ಮನೆಗೆ ಬಂದು ಸೇರಿದ್ವಿ.

ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ಇದು ಗೊತ್ತಿದ್ದಿದ್ರೆ ಅವತ್ತು ನಂಗೆ ಅಷ್ಟು ಭಯ ಆಗ್ತಿರ್ಲಿಲ್ಲ. ಆ ಲೈಟು ಸ್ಥಿರವಾಗಿ ಹತ್ತಿದ್ದು, ಗಾಡಿ ಸರಿಯಾಗೇ ಓಡ್ತಿದೆ, ಟೆಂಪರೇಚರ್ ಸರಿ ಇದೆ, ಆಯಿಲ್ ಲೈಟ್ ಹತ್ತಿಲ್ಲ ಅಂದ್ರೆ ನಿಧಾನಕ್ಕೆ ಮನೆ ಸೇರ್ಬಹುದು, ಎರಡು ಮೂರು ದಿನದಲ್ಲಿ ತೋರಿಸಿದ್ರೆ ನಡೆಯುತ್ತೆ. ಆದ್ರೆ ಲೈಟು ಮಿಟುಕ್ತಾ ಇದ್ರೆ ಅದು ಬೇರೆ ಕಥೆ. ಯಾವ್ದೋ ಸಿಲಿಂಡರಲ್ಲಿ ಪೆಟ್ರೋಲ್ ಉರೀದೇ ಹಾಗೇ ಹೊರಗೆ ಹೋಗ್ತಿದೆ ಅಂತ ಅರ್ಥ, ಆ ಪೆಟ್ರೋಲು ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಲ್ಲಿ ಹೋಗಿ ಉರಿದು ಅದನ್ನೇ ಸುಟ್ಟುಹಾಕುತ್ತೆ, ಎಕ್ಸಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಲಿಸ್ಲೇಬೇಕು. ಡ್ರೈವಿಂಗ್ ಸ್ಕೂಲಲ್ಲಿ ನಂಗೆ ಇದನ್ನ ಯಾರೂ ಹೇಳಿರ್ಲಿಲ್ಲ.

ಮಂಗಳವಾರ ಕಂಪನಿ ಸರ್ವಿಸ್ ಸೆಂಟರಿಗೆ ತಗೊಂಡು ಹೋದೆ, ಯಾವ್ದು ಅಂತ ಹೆಸರು ಹಾಕಲ್ಲ. ಎಸಿ ರೂಮು, ಕಾಫಿ ಮಷೀನು ಎಲ್ಲ ಚೆನ್ನಾಗೇ ಇದೆ. ಸ್ಕ್ಯಾನರ್ ಹಚ್ಚಿ ಹತ್ತು ನಿಮಿಷಕ್ಕೆ ಬಂದು ಮೇಡಂ ಎರಡೂ ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು, ಲೇಬರ್ ಸೇರಿ 19,800 ಅಂದ್ರು. ಎಂಜಿನ್ ಹೊಗೇಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋ ಸೆನ್ಸರು ಅದು. ಎರಡೂ ಒಟ್ಟಿಗೆ ಹೇಗೆ ಹೋಯ್ತು ಅಂತ ಕೇಳಿದ್ರೆ ಗಾಡಿ ಹಳೇದಲ್ವಾ ಅಂದ್ರು. ಕೋಡ್, ಅಂದ್ರೆ ಗಾಡಿಯ ಕಂಪ್ಯೂಟರ್ ತೋರಿಸೋ ತಪ್ಪಿನ ನಂಬರು, ಏನು ಬಂದಿದೆ, ಬರ್ಕೊಡಿ ಅಂದೆ, ಅದು ನಿಮ್ಗೆ ಅರ್ಥ ಆಗಲ್ಲ, ಸರ್ ಹತ್ರ ಬೇಕಾದ್ರೆ ಫೋನಲ್ಲಿ ಮಾತಾಡ್ತೀನಿ ಅಂದ್ರು. ಗಾಡಿ ನನ್ನ ಹೆಸರಲ್ಲಿದೆ, ಇಎಂಐ ನಾನು ಕಟ್ಟಿದ್ದು, ಓಡಿಸೋದೂ ನಾನೇ. ಈ ಮಾತು ನಂಗೆ ಇವತ್ತಿಗೂ ನೋವಿದೆ. ಈಗ ಬೇಡ ಅಂತ ಹೇಳಿ ಸ್ಕ್ಯಾನಿಂಗ್ ಚಾರ್ಜು 900 ಕಟ್ಟಿ ಬಂದೆ. ಅವ್ರು ಕೋಡ್ ಅಳಿಸಿ ಲೈಟ್ ಆಫ್ ಮಾಡಿ ಕಳ್ಸಿದ್ರು, ಎರಡನೇ ದಿನ ಬೆಳಿಗ್ಗೆ ಆಫೀಸಿಗೆ ಹೊರಟಾಗ ಲೈಟ್ ಮತ್ತೆ ಹಾಜರ್.

ಆಗ ತಗೊಂಡಿದ್ದು ಡಾಂಗಲ್ಲು, ಗಾಡಿಯ ಕೋಡನ್ನ ಮೊಬೈಲಲ್ಲಿ ಓದೋಕೆ ಆಗೋ ಪುಟ್ಟ ಸಾಧನ. ಅದ್ರ ರಿವ್ಯೂ ಮೊದಲು ಹೇಳ್ತೀನಿ.

ಸ್ಟೀರಿಂಗ್ ಕೆಳಗೆ, ನಿಮ್ಮ ಬಲಗಾಲಿನ ಮೊಣಕಾಲು ಇರೋ ಜಾಗದ ಹತ್ರ ಬಗ್ಗಿ ನೋಡಿ, 16 ಪಿನ್‌ದು ಒಂದು ಸಾಕೆಟ್ ಇರುತ್ತೆ, ಮೇಲೆ ಅಗಲ ಕೆಳಗೆ ಕಿರಿದು. ಅದೇ ಓಬಿಡಿ ಪೋರ್ಟು, ಗಾಡಿ ತನ್ನ ತಪ್ಪು ತಾನೇ ಕಂಡುಹಿಡಿಯೋ ವ್ಯವಸ್ಥೆಗೆ ಓಬಿಡಿ ಅಂತಾರೆ. ಅಮೆರಿಕದಲ್ಲಿ 1996ರ ಮಾಡೆಲ್ಲಿಂದ ಎಲ್ಲ ಕಾರಿಗೂ ಓಬಿಡಿ 2 ಕಡ್ಡಾಯ, ನಮ್ಮಲ್ಲಿ ಬಿಎಸ್ 4 (ಹೊಗೆ ಮಿತಿಯ ಸರ್ಕಾರಿ ನಿಯಮ) ಕಾರುಗಳಿಗೆ 2013ರ ಏಪ್ರಿಲ್‌ನಿಂದ. ಅಂದ್ರೆ ಅದ್ರ ಮೇಲಿನ ಗಾಡಿ ನಿಮ್ದಾದ್ರೆ ಯಾವ ಕಂಪನಿದೇ ಇರ್ಲಿ, ಎಂಜಿನ್ ಕೋಡು ಓದೋದಕ್ಕೆ ಆ ಕಂಪನಿ ಬಾಗಿಲಿಗೇ ಹೋಗ್ಬೇಕು ಅಂತೇನಿಲ್ಲ. ಬೆಂಕಿಪೊಟ್ಟಣದಷ್ಟು ಡಾಂಗಲ್ ಸಿಕ್ಸಿ ಮೊಬೈಲಿಗೆ ಬ್ಲೂಟೂತ್ ಜೋಡಿಸಿದ್ರೆ ಆಯ್ತು.

ನಾನು ಬುಧವಾರ ಪೇಟೆ ತಪ್ಕೀರ್ ಗಲ್ಲೀಲಿ ತಗೊಂಡೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು ಇದ್ಯಲ್ಲ, ಅಲ್ಲೇ. ಮೊದಲನೇದು 350 ರೂಪಾಯಿದು, ಮೇಲೆ ಇಎಲ್ಎಂ 327 ವರ್ಷನ್ 2.1 ಅಂತ ಬರೆದಿತ್ತು. ಮೊಬೈಲಿಗೆ ಕನೆಕ್ಟ್ ಆಯ್ತು, ಗಾಡಿಯ ಕಂಪ್ಯೂಟರ್ ಜೊತೆ ಮಾತೇ ಆಡ್ಲಿಲ್ಲ, ಅರ್ಧ ಗಂಟೆ ಪಾರ್ಕಿಂಗಲ್ಲಿ ಕೂತು ಪ್ರಯತ್ನ ಪಟ್ಟೆ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಅಸಲಿ ಇಎಲ್ಎಂ 327 ಅನ್ನೋದು ಕೆನಡಾದ ಒಂದು ಕಂಪನಿ ಮಾಡಿದ್ದ ಚಿಪ್ಪು, ಈಗ ಪೇಟೆಲಿ ಅಗ್ಗಕ್ಕೆ ಸಿಗೋದು ಹೆಚ್ಚುಕಮ್ಮಿ ಎಲ್ಲ ನಕಲು, ಅದ್ರಲ್ಲೂ ಈ 2.1 ಅಂತ ಬರೆದಿರೋದ್ರಲ್ಲಿ ಎಷ್ಟೋ ಕಮಾಂಡ್‌ಗಳೇ ಇರಲ್ಲ. ಅಂಗಡಿಯವ್ರು ತಕರಾರಿಲ್ದೆ ಬದಲಾಯಿಸಿ ಕೊಟ್ರು, ಮೇಲೆ ದುಡ್ಡು ಹಾಕಿ 1,400ದು ತಗೊಂಡೆ, ಅದು ಮೊದಲನೇ ಸಲಕ್ಕೇ ಹತ್ಕೊಂಡ್ತು. ಪೇರಿಂಗ್ ಪಿನ್ 1234 ಹಾಕಿ, ಆಗ್ಲಿಲ್ಲ ಅಂದ್ರೆ 0000. ಐಫೋನ್ ಇರೋರು ಸಾದಾ ಬ್ಲೂಟೂತ್‌ದು ತಗೋಬೇಡಿ, ವೈಫೈದು ಅಥವಾ ಬ್ಲೂಟೂತ್ ಲೋ ಎನರ್ಜಿ ಅಂತ ಬರೆದಿರೋದೇ ಕೇಳಿ ತಗೊಳ್ಳಿ. ಆ್ಯಪು ನಾನು ಟಾರ್ಕ್ ಹಾಕ್ಕೊಂಡಿದೀನಿ, ಕೋಡ್ ಓದೋಕೆ ಫ್ರೀ ಇರೋದೇ ಸಾಕು.

ಒಂದು ಎಚ್ಚರಿಕೆ. ಕೆಲಸ ಮುಗಿದ್ಮೇಲೆ ಡಾಂಗಲ್ ಕಿತ್ತಿಡಿ. ಆ ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿ ಕರೆಂಟು ಕೀ ತೆಗೆದ್ರೂ ಬರ್ತಾನೇ ಇರುತ್ತೆ, ವಾರಗಟ್ಲೆ ನಿಲ್ಸಿದ ಗಾಡೀಲಿ ಡಾಂಗಲ್ ಬಿಟ್ರೆ ಬ್ಯಾಟರಿ ಇಳಿಯುತ್ತೆ. ಮತ್ತೆ ಇದು ಎಂಜಿನ್ ಕೋಡಿಗೆ ಮಾತ್ರ, ಏರ್‌ಬ್ಯಾಗು, ಎಬಿಎಸ್ ಲೈಟಿಗೆ ಈ ಸಾದಾ ಡಾಂಗಲ್ಲು ಆ್ಯಪು ಸಾಮಾನ್ಯವಾಗಿ ಆಗಲ್ಲ.

ನನ್ನ ಗಾಡೀಲಿ ಬಂದಿದ್ದು ಎರಡು ಕೋಡು, ಪಿ 0135, ಪಿ 0141. ಮೊದಲಿನ ಪಿ ಅಂದ್ರೆ ಎಂಜಿನ್ ಗೇರ್‌ಬಾಕ್ಸ್ ಕಡೇದು, ಬಿ ಬಾಡಿ, ಸಿ ಅಂದ್ರೆ ಬ್ರೇಕು ಚಾಸಿ ಕಡೇದು, ಯು ಅಂದ್ರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ದಾರಿ. ಪಿ ಆದ್ಮೇಲೆ ಸೊನ್ನೆ ಇದ್ರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ರೆ ಆ ಕಂಪನಿಯ ಸ್ವಂತದ್ದು. 0135 ಅಂದ್ರೆ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟು, 0141 ಅಂದ್ರೆ ಹಿಂದಿನದ್ರ ಹೀಟರ್ ಸರ್ಕ್ಯೂಟು. ಗಮನ ಇಟ್ಟು ನೋಡಿ, ಸೆನ್ಸರ್ ಹೋಗಿದೆ ಅಂತ ಎಲ್ಲೂ ಇಲ್ಲ. ಸರ್ಕ್ಯೂಟ್ ಅಂತಿದೆ. ಸರ್ಕ್ಯೂಟ್ ಅಂದ್ರೆ ಫ್ಯೂಸಿಂದ ಹಿಡಿದು ರಿಲೇ, ವೈರು, ಕನೆಕ್ಟರು, ಹೀಟರು, ಕಂಪ್ಯೂಟರ್ ತನಕ ಪೂರ್ತಿ ದಾರಿ. ಅದ್ರಲ್ಲಿ ಎಲ್ಲಿ ಕಡಿದಿದೆ ಅನ್ನೋದನ್ನ ಮನುಷ್ಯರೇ ಹುಡುಕ್ಬೇಕು, ಡಾಂಗಲ್ ಹೇಳಲ್ಲ, ಲಕ್ಷ ರೂಪಾಯಿ ಸ್ಕ್ಯಾನರೂ ಹೇಳಲ್ಲ.

ಹೀಟರ್ ಯಾಕೆ ಬೇಕು ಅಂತ ನಂಗೂ ಗೊತ್ತಿರ್ಲಿಲ್ಲ. ಈ ಸೆನ್ಸರು ಸುಮಾರು 300 ಡಿಗ್ರಿ ದಾಟಿ ಕಾಯ್ದ್ರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತೆ. ಎಂಜಿನ್ ಹೊಗೆಯಿಂದ್ಲೇ ಕಾಯ್ಲಿ ಅಂತ ಬಿಟ್ರೆ ತುಂಬ ಹೊತ್ತಾಗುತ್ತೆ, ಅದಕ್ಕೆ ಒಳಗೊಂದು ಪುಟ್ಟ ಹೀಟರ್ ಇಟ್ಟಿರ್ತಾರೆ. ಸೆನ್ಸರ್ ಕಾಯೋ ತನಕ ಕಂಪ್ಯೂಟರು ಕಣ್ಣುಮುಚ್ಚಿ ಅಂದಾಜಿನ ಮೇಲೆ ಪೆಟ್ರೋಲ್ ಹಾಕ್ತಿರುತ್ತೆ, ಅದೂ ಸ್ವಲ್ಪ ಹೆಚ್ಚೇ. ನಮ್ಮ ತರ ವಾಕಡ್‌ನಿಂದ ಹಿಂಜವಡಿಗೆ ಐದಾರು ಕಿಲೋಮೀಟರ್ ಓಡ್ಸಿ ನಿಲ್ಸೋರಿಗೆ ಇದು ಮೈಲೇಜಿಗೇ ಹೊಡೆತ.

ಈಗ ಗ್ಯಾರೇಜಿಗೆ ಬರ್ತೀನಿ, ಅಸಲಿ ವಿಷಯ ಇದೇ.

ಆಫೀಸಲ್ಲಿ ಜೊತೆ ಕೆಲಸ ಮಾಡೋ ಸೊಲ್ಲಾಪುರದ ಹುಡುಗಿ ಹೇಳಿದ್ಲು, ಥೇರ್‌ಗಾಂವ್‌ನಲ್ಲಿ ಒಬ್ರು ಇದಾರೆ, ವಿಜಯಪುರ ಜಿಲ್ಲೆಯವ್ರು, ವೈರಿಂಗ್ ಕೆಲಸದಲ್ಲಿ ಎತ್ತಿದ ಕೈ ಅಂತ. ಡಾಂಗೆ ಚೌಕದಿಂದ ಚಿಂಚವಾಡ ಕಡೆ ಹೋಗೋ ರಸ್ತೆಯ ಒಳಗಲ್ಲಿ. ಬೋರ್ಡ್ ಮೇಲೆ ಮರಾಠಿಲಿ ಆಟೋ ಇಲೆಕ್ಟ್ರಿಕಲ್ ಅಂತ ಬರೆದಿದೆ, ಒಳಗೆ ಗೋಡೆ ಮೇಲೆ ಸಿದ್ಧೇಶ್ವರ ಸ್ವಾಮೀಜಿ ಫೋಟೋ. ಅದನ್ನ ನೋಡಿ ಕನ್ನಡದಲ್ಲೇ ಮಾತಾಡಿಸ್ದೆ, ಕಾಕಾ ಮುಖ ಅರಳ್ತು. ಹೆಸರು ನಂಬರು ಹಾಕ್ಲಾ ಅಂತ ಕೇಳಿದೀನಿ, ಬ್ಯಾಡವ್ವಾ, ಇಬ್ರೇ ಹುಡ್ರು ಅದಾರ, ಮಂದಿ ಒಮ್ಮೆಲೆ ಬಂದ್ರ ಕೆಲಸ ಕೆಡತದ ಅಂದ್ರು. ಹಾಗಾಗಿ ಹಾಕಿಲ್ಲ, ಆ ಗಲ್ಲೀಲಿ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ.

ಸರ್ವಿಸ್ ಸೆಂಟರಿನ ಎಸ್ಟಿಮೇಟ್ ಕಾಗದ, ನನ್ನ ಮೊಬೈಲಲ್ಲಿದ್ದ ಕೋಡ್ ಎರಡೂ ತೋರಿಸ್ದೆ. ಕನ್ನಡಕ ಹಣೆ ಮೇಲಿಂದ ಇಳಿಸಿ ಓದಿ, ಅವ್ರು ಕೇಳಿದ ಮೊದಲನೇ ಮಾತು,

"ಎರಡೂ ಕೂಡಿ ಒಂದ ದಿನ ಸಾಯ್ತಾವೇನ ತಂಗಿ?"

ನಾನು ಸರ್ವಿಸ್ ಸೆಂಟರಲ್ಲಿ ಕೇಳಿದ್ದ ಪ್ರಶ್ನೆನೇ ಅದು! ಅಲ್ಲಿ ಗಾಡಿ ಹಳೇದು ಅಂತ ಸುಮ್ನಾಗಿಸಿದ್ರು, ಇಲ್ಲಿ ಅದೇ ಪ್ರಶ್ನೆಯಿಂದ ಕೆಲಸ ಶುರುವಾಯ್ತು. ಮುಂದಿನ ಸೆನ್ಸರ್ ಎಂಜಿನ್ ಹತ್ರ, ಹಿಂದಿನದು ಕನ್ವರ್ಟರ್ ದಾಟಿದ ಮೇಲೆ, ಎರಡಕ್ಕೂ ಹೀಟರ್ ಕರೆಂಟ್ ಬರೋದು ಮಾತ್ರ ಒಂದೇ ಫ್ಯೂಸಿಂದ. ಎರಡೂ ಒಟ್ಟಿಗೆ ಹೋಗಿದೆ ಅಂದ್ರೆ ಎರಡಕ್ಕೂ ಕೂಡಿರೋ ಜಾಗದಲ್ಲಿ ನೋಡ್ಬೇಕು ಅಂದ್ರು.

ಆಮೇಲೆ ಫ್ರೀಜ್ ಫ್ರೇಮ್ ಅದ ಏನ ನೋಡ್ರಿ ಅಂದ್ರು. ಕೋಡ್ ಬಿದ್ದ ಆ ಕ್ಷಣಕ್ಕೆ ಎಂಜಿನ್ ಆರ್‌ಪಿಎಂ, ಸ್ಪೀಡು, ಕೂಲಂಟ್ ಬಿಸಿ ಎಷ್ಟಿತ್ತು ಅನ್ನೋದನ್ನ ಕಂಪ್ಯೂಟರು ಫೋಟೋ ತೆಗೆದ ಹಾಗೆ ಇಟ್ಕೊಂಡಿರುತ್ತೆ. ನನ್ನ ಆ್ಯಪಲ್ಲಿ ಇತ್ತು, ಸ್ಪೀಡ್ ಸೊನ್ನೆ, ಕೂಲಂಟ್ 41 ಡಿಗ್ರಿ. ಅಂದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ಗಾಡಿ ಇನ್ನೂ ಅಲ್ಲಾಡೋ ಮೊದಲೇ ಬಿದ್ದಿದೆ, ಕರೆಂಟು ಪೂರ್ತಿ ಇಲ್ಲ, ಆಗೊಮ್ಮೆ ಈಗೊಮ್ಮೆ ಬಂದುಹೋಗೋ ತೊಂದ್ರೆ ಅಲ್ಲ ಅಂತ ಕಾಕಾ ಅಂದಾಜು. ಸರ್ವಿಸ್ ಸೆಂಟರಿನವ್ರು ಕೋಡ್ ಅಳಿಸಿದಾಗ ಮೊದಲನೇ ಸಲದ ಈ ಫೋಟೋನೂ ಹೋಯ್ತು, ಅದಿದ್ದಿದ್ರೆ ಹೈವೇಲಿ ಏನಾಯ್ತು ಅಂತಾನೂ ಗೊತ್ತಾಗ್ತಿತ್ತು ಅಂತ ಬೇಜಾರು ಮಾಡ್ಕೊಂಡ್ರು. ದಯವಿಟ್ಟು ಯಾರೇ ಕೋಡ್ ಅಳಿಸೋ ಮೊದಲು ಸ್ಕ್ರೀನ್‌ಶಾಟ್ ತಗೊಳ್ಳಿ.

ಲೈಟ್ ಹತ್ತೋ ಮೊದಲು ಎಲ್ಲಿ ನಿಂತಿದ್ರಿ ಅಂತ ಕೇಳಿದ್ರು. ಸಾತಾರಾ ದಾಟಿ ಚಹಾಕ್ಕೆ ಅಂದೆ. ಅದ್ಕೂ ಮೊದಲು ಎಲ್ಲರೆ ಬಡಿಸಿದ್ರೇನು ಅಂದ್ರು. ನಂಗೆ ಆಶ್ಚರ್ಯ ಆಯ್ತು, ಕರಾಡ್ ಗುಂಡಿ ವಿಷಯ ನಾನು ಹೇಳೇ ಇರ್ಲಿಲ್ಲ. ಕಾಕಾ ಹೇಳಿದ್ದು ಹೀಗೆ, ಇಂಥ ಎಷ್ಟೋ ಕೋಡಿಗೆ ಕಂಪ್ಯೂಟರು ಒಂದ್ಸಲ ತಪ್ಪು ಕಂಡ ತಕ್ಷಣ ಲೈಟ್ ಹಚ್ಚಲ್ಲ, ಮನಸ್ಸಲ್ಲಿ ಇಟ್ಕೊಳ್ಳುತ್ತೆ, ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಎರಡನೇ ಸಲಾನೂ ಅದೇ ತಪ್ಪು ಕಂಡ್ರೆ ಆಗ ಹಚ್ಚುತ್ತೆ. ಚಹಾ ಕುಡಿದು ಸ್ಟಾರ್ಟ್ ಮಾಡಿದ್ಮೇಲೆ ಹತ್ತಿದೆ ಅಂದ್ರೆ ತಪ್ಪು ಆಗಿದ್ದು ಅದ್ರ ಹಿಂದಿನ ಓಟದಲ್ಲಿ. ಸರ್ವಿಸ್ ಸೆಂಟರಿಂದ ಬಂದ ಎರಡನೇ ದಿನಕ್ಕೆ ಲೈಟ್ ವಾಪಸ್ ಬಂದಿದ್ದೂ ಇದೇ ಲೆಕ್ಕಕ್ಕೇ.

ಬಾನೆಟ್ ಎತ್ತಿ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದ್ರು. 15 ಆಂಪ್‌ದು ನೀಲಿ ಫ್ಯೂಸು, ಬೆಳಕಿಗೆ ಹಿಡಿದು ತೋರಿಸಿದ್ರು, ಒಳಗಿನ ತಂತಿ ಕರಗಿ ಎರಡು ತುಂಡು, ಪ್ಲಾಸ್ಟಿಕ್ ಒಳಗೆ ಕಪ್ಪು ಕಲೆ. ಹತ್ತು ರೂಪಾಯಿ ಫ್ಯೂಸು! 19,800 ಎಸ್ಟಿಮೇಟ್ ಬರೆದವ್ರು ಈ ಮುಚ್ಚಳ ತೆಗೆದು ನೋಡೇ ಇರ್ಲಿಲ್ಲ ಅಂತ ನಂಗೆ ಅಳುನೇ ಬಂತು ನಿಜ ಹೇಳ್ಬೇಕಂದ್ರೆ. ಹೊಸ ಸೆನ್ಸರ್ ಎರಡೂ ಹಾಕಿದ್ರೂ ಕರೆಂಟೇ ಇಲ್ದೆ ಲೈಟು ಮತ್ತೆ ಹತ್ತೇ ಹತ್ತುತ್ತಿತ್ತು.

ಸರಿ ಹೊಸ ಫ್ಯೂಸ್ ಹಾಕ್ಬಿಡಿ ಕಾಕಾ ಅಂದೆ. ತಲೆ ಅಲ್ಲಾಡಿಸಿದ್ರು. "ಫ್ಯೂಸ್ ಸುಮ್‌ಸುಮ್ನ ಹೋಗಂಗಿಲ್ಲ. ಯಾವುದೋ ವೈರ್ ಬಾಡಿಗಿ ಹತ್ಯದ. ಅದು ಸಿಗೂತನಾ ಫ್ಯೂಸ್ ಹಾಕಂಗಿಲ್ಲ."

ಮುಂದೆ ಅವ್ರು ಮಾಡಿದ್ದನ್ನ ನಾನು ಪಕ್ಕದಲ್ಲೇ ನಿಂತು ನೋಡ್ದೆ. ಇಂಡಿಕೇಟರ್‌ದು ಒಂದು 21 ವ್ಯಾಟ್ ಬಲ್ಬು, ಅದಕ್ಕೆ ಎರಡು ವೈರು ಹಚ್ಚಿ ತುದಿಗೆ ಫ್ಯೂಸ್ ಕಾಲಿನ ತರ ಪತ್ತಿ ಕೂರಿಸಿದ್ರು, ಅವ್ರೇ ಮಾಡ್ಕೊಂಡಿರೋದು, ವೈರಿನ ಮೇಲೆ ಹಳೇ ಟೇಪು ಸುತ್ತಿ ಸುತ್ತಿ ದಪ್ಪ ಆಗಿದೆ. ಅದನ್ನ ಫ್ಯೂಸಿನ ಜಾಗಕ್ಕೆ ಸಿಕ್ಸಿ, ಎಂಜಿನ್ ಸ್ಟಾರ್ಟ್ ಮಾಡ್ದೆ ಬರೀ ಕೀ ಆನ್ ಮಾಡು ಅಂದ್ರು. ಬಲ್ಬು ಝಗ್ಗಂತ ಪೂರ್ತಿ ಬೆಳಕಲ್ಲಿ ಹತ್ತಿತು. ಕರೆಂಟು ಎಲ್ಲೋ ನೇರವಾಗಿ ಗಾಡಿಯ ಲೋಹದ ಬಾಡಿಗೆ ಇಳೀತಿದೆ ಅಂತ ಅರ್ಥ. ಫ್ಯೂಸ್ ಆಗಿದ್ರೆ ಹಾರಿ ಹೋಗ್ತಿತ್ತು, ಬಲ್ಬು ಕರೆಂಟನ್ನ ತಡ್ಕೊಂಡು ಉರೀತಾ ಇರುತ್ತೆ, ವೈರಿಗೂ ಏನೂ ಆಗಲ್ಲ, ಎಷ್ಟು ಹೊತ್ತು ಬೇಕಾದ್ರೂ ಹುಡುಕ್ಬಹುದು. ಎಂಥ ಚೆಂದದ ಉಪಾಯ ನೋಡಿ. ಮುಂದಿನ ಸೆನ್ಸರಿನ ಕನೆಕ್ಟರ್ ಬಿಚ್ಚಿದ್ರು, ಬಲ್ಬು ಹಾಗೇ ಉರೀತಿದೆ. ಗಾಡಿ ಜಾಕ್ ಹಾಕಿ ಎತ್ತಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಪೈಪು ಬಿಸಿ ಇದೆ ಅಂತ ಇಪ್ಪತ್ತು ನಿಮಿಷ ಕಾದು, ಆ ಹೊತ್ತಲ್ಲಿ ನಂಗೆ ಚಹಾ ತರಿಸಿ ಕೊಟ್ಟು, ಹುಡುಗ ಕೆಳಗೆ ಹೋಗಿ ಹಿಂದಿನ ಸೆನ್ಸರಿನ ಕನೆಕ್ಟರ್ ಎಳೆದ, ಬಲ್ಬು ಟಪ್ ಅಂತ ಆರಿಹೋಯ್ತು.

"ಸಿಕ್ತು ಕಾಕಾ!" ಅಂತ ನಾನೇ ಕೂಗ್ಬಿಟ್ಟೆ.

ನಂಗೂ ತೋರಿಸಿ ಅಂತ ಕೂತು ಬಗ್ಗಿ ನೋಡ್ದೆ. ಹಿಂದಿನ ಸೆನ್ಸರಿಂದ ಬರೋ ನಾಲ್ಕು ವೈರಿನ ಕಟ್ಟನ್ನ ಬಾಡಿಗೆ ಹಿಡ್ಕೊಂಡಿರೋ ಕ್ಲಿಪ್ಪು ಮುರಿದಿತ್ತು, ಕರಾಡಿನ ಹೊಡೆತ ಬಿದ್ದ ಗೀರು ಅದ್ರ ಪಕ್ಕದಲ್ಲೇ ಬೆಳ್ಳಗೆ ಕಾಣ್ತಿತ್ತು. ವೈರು ಜೋತು ಬಿದ್ದು ಸೈಲೆನ್ಸರ್ ಪೈಪಿನ ಮೇಲೆ ಕೂತು, ಮೇಲಿನ ಕೊಳವೆ ಬೆಂದು ಬಿಸ್ಕತ್ತಿನ ಹಾಗೆ ಪುಡಿ ಆಗಿ, ಒಂದೇ ಒಂದು ವೈರಿನ ಒಳಗಿನ ತಾಮ್ರ ಕಾಲಿಂಚಿನಷ್ಟು ಹೊರಗೆ ಬಂದು ಪೈಪಿಗೆ ಅಂಟಿತ್ತು. ಅಷ್ಟೇ ತಪ್ಪು. ಉಳಿದ ಮೂರು ವೈರು ಬಣ್ಣ ಕೂಡ ಮಾಸಿಲ್ಲ.

ಮಲ್ಟಿಮೀಟರ್ ಹಾಕಿ ಎರಡೂ ಸೆನ್ಸರಿನ ಹೀಟರ್ ಅಳೆದ್ರು, ನಮ್ಮ ಗಾಡೀಲಿ ಒಂದೇ ಬಣ್ಣದ ಎರಡು ವೈರು ಹೀಟರಿಂದು. ಮುಂದಿನದು ಏಳು ಓಮ್ ಚಿಲ್ಲರೆ, ಹಿಂದಿನದು ಎಂಟೂವರೆ. ಹೀಟರ್ ಕಡಿದಿದ್ರೆ ಮೀಟರು ಏನೂ ತೋರಿಸ್ತಿರ್ಲಿಲ್ಲ. ಎರಡೂ ಸೆನ್ಸರ್ ಗಟ್ಟಿಮುಟ್ಟಾಗಿವೆ, ಇನ್ನೂ ಓಡ್ತಾವು ಅಂದ್ರು.

ವೈರ್ ಜೋಡಿಸೋವಾಗ ನಾನು ಬೆಸುಗೆ ಹಾಕಲ್ವಾ ಅಂತ ಕೇಳಿದ್ದಕ್ಕೆ ಹೇಳಿದ ಮಾತು ನಂಗೆ ತುಂಬ ಇಷ್ಟ ಆಯ್ತು. ಆಕ್ಸಿಜನ್ ಸೆನ್ಸರು ಹೊಗೆಯೊಳಗಿನ ಆಮ್ಲಜನಕವನ್ನ ಹೊರಗಿನ ಗಾಳಿ ಜೊತೆ ಹೋಲಿಸಿ ನೋಡುತ್ತೆ, ಆ ಹೊರಗಿನ ಗಾಳಿ ಇಂಥ ಸೆನ್ಸರಿನ ಒಳಗೆ ಹೋಗೋದು ವೈರಿನ ಎಳೆಗಳ ಸಂದಿಯಿಂದ. ಸೀಸ ಕರಗಿಸಿ ಹಾಕಿದ್ರೆ ಆ ಸಂದಿ ಮುಚ್ಚಿಹೋಗುತ್ತೆ. "ಅದಕ್ಕ ಉಸಿರು ಬೇಕವ್ವಾ, ಬೆಸುಗಿ ಹಾಕಿದ್ರ ಉಸಿರು ಕಟ್ಟತದ." ಹಾಗಾಗಿ ಕೆಟ್ಟ ಭಾಗ ಕತ್ತರಿಸಿ ತಾಮ್ರದ ಸ್ಲೀವಲ್ಲಿ ಎರಡೂ ತುದಿ ಕೂರಿಸಿ ಇಕ್ಕಳದಿಂದ ಒತ್ತಿದ್ರು, ಮೇಲೆ ಬಿಸಿ ತಡ್ಕೊಳ್ಳೋ ಫೈಬರ್‌ಗ್ಲಾಸ್ ಕೊಳವೆ, ಪ್ಲಾಸ್ಟಿಕ್ ಟೈ ಅಲ್ಲಿ ಕರಗುತ್ತೆ ಅಂತ ಲೋಹದ ಕ್ಲಿಪ್ ಹಾಕಿ ವೈರನ್ನ ಪೈಪಿಂದ ನಾಲ್ಕು ಬೆರಳು ದೂರ ಕಟ್ಟಿದ್ರು. ಆ ಬಲ್ಬು ಮತ್ತೆ ಹಚ್ಚಿ ನೋಡಿ, ಹತ್ತಲಿಲ್ಲ ಅಂತ ಖಾತ್ರಿ ಆದ್ಮೇಲೇ ಹೊಸ ಫ್ಯೂಸು.

ಎಲ್ಲ ಸೇರಿ 850 ರೂಪಾಯಿ. ಅದ್ರಲ್ಲಿ ಫ್ಯೂಸಿಗೆ 10, ಕೊಳವೆ ಕ್ಲಿಪ್ಪಿಗೆ 140, ಉಳಿದಿದ್ದು ಎರಡು ಗಂಟೆ ಕೆಲಸಕ್ಕೆ. ನಾನು ಸಾವಿರ ಕೊಟ್ರೆ ನೂರೈವತ್ತು ವಾಪಸ್ ಕೊಟ್ರು, ಇಟ್ಕೊಳ್ಳಿ ಅಂದ್ರೂ ಕೇಳ್ಲಿಲ್ಲ.

ಕೋಡ್ ಅಳಿಸಿ ಕೈತೊಳ್ಕೊಳ್ಳಲಿಲ್ಲ ಅನ್ನೋದನ್ನೂ ಬರೀಬೇಕು. ಅಳಿಸಿದ ತಕ್ಷಣ ಲೈಟ್ ಹೋಗೋದು ಏನೂ ದೊಡ್ಡದಲ್ಲ, ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿಂದ ಮಾಡ್ಬೇಕು, ಆಗ ಪಾಸಾದ್ರೇನೇ ರಿಪೇರಿ ಆಯ್ತು ಅಂತ ಅಂದ್ರು. ನಾಲ್ಕು ದಿನ ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಪೆಂಡಿಂಗ್ ಕೋಡ್ ನೋಡ್ತಿರು, ಬಂದ್ರೆ ಗಾಡಿ ತಗೊಂಡು ಬಾ, ದುಡ್ಡು ತಗೊಳ್ಳಲ್ಲ ಅಂದ್ರು. ಪೆಂಡಿಂಗ್ ಅಂದ್ರೆ ಆ ಮನಸ್ಸಲ್ಲಿ ಇಟ್ಕೊಂಡಿರೋ, ಲೈಟ್ ಹಚ್ಚದೇ ಇರೋ ಕೋಡು, ಡಾಂಗಲಲ್ಲಿ ಕಾಣುತ್ತೆ. ನಾನು ಒಂದು ವಾರ ದಿನಾ ನೋಡ್ದೆ, ಏನೂ ಇಲ್ಲ. ಈಗ ಎರಡು ತಿಂಗಳಾಯ್ತು, ಮಳೇಲಿ ಭೂಮಕರ್ ಚೌಕದ ನೀರಲ್ಲಿ ನಿಂತು ಓಡಾಡಿದೀನಿ, ಲೈಟ್ ಬಂದಿಲ್ಲ. ಸಿಟೀಲಿ 13ಕ್ಕೆ ಇಳಿದಿದ್ದ ಮೈಲೇಜು 15 ದಾಟಿದೆ.

ಈಗ ನಂಗೆ ಡಾಂಗಲಲ್ಲಿ ಲೈವ್ ಗ್ರಾಫ್ ನೋಡೋದು ಒಂಥರಾ ಅಭ್ಯಾಸ ಆಗ್ಬಿಟ್ಟಿದೆ, ಸಿಗ್ನಲಲ್ಲಿ ಅಲ್ಲ, ಪಾರ್ಕಿಂಗಲ್ಲಿ ನಿಂತಾಗ. ಎಂಜಿನ್ ಬಿಸಿ ಆದ್ಮೇಲೆ ಮುಂದಿನ ಸೆನ್ಸರಿನ ವೋಲ್ಟೇಜು 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಕುಣೀತಾ ಇರುತ್ತೆ, ಕಂಪ್ಯೂಟರು ಪೆಟ್ರೋಲ್ ಸ್ವಲ್ಪ ಹೆಚ್ಚು ಸ್ವಲ್ಪ ಕಮ್ಮಿ ಮಾಡ್ತಾ ಸರಿತೂಕ ಹಿಡೀತಿರೋದು ಅದು, ಹದಿನಾಲ್ಕೂಮುಕ್ಕಾಲು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಹತ್ತತ್ರ. ಹಿಂದಿನ ಸೆನ್ಸರ್ ಗೆರೆ ಹೆಚ್ಚು ಅಲ್ಲಾಡದೆ ನಿಂತಿರುತ್ತೆ, ಕನ್ವರ್ಟರ್ ಚೆನ್ನಾಗಿದೆ ಅನ್ನೋದಕ್ಕೆ ಅದೇ ಗುರುತು. ಹಿಂದಿನದೂ ಮುಂದಿನದ್ರ ತರಾನೇ ಕುಣಿಯೋಕೆ ಶುರು ಮಾಡಿದ್ರೆ ಪಿ 0420 ಬರುತ್ತೆ, ಕನ್ವರ್ಟರ್ ಕೆಲಸ ಮಾಡ್ತಿಲ್ಲ ಅಂತ. ಆ ಕೋಡಿಗೆ ಸೆನ್ಸರಿಗಿಂತ ದೊಡ್ಡ ಎಸ್ಟಿಮೇಟ್ ಬರುತ್ತೆ, ಆದ್ರೆ ಪೈಪಲ್ಲಿ ಸಣ್ಣ ಲೀಕ್ ಇದ್ರೂ ಅದೇ ಕೋಡ್ ಬರ್ಬಹುದು, ಮೊದಲು ಪೈಪ್ ನೋಡಿಸಿ. ಪಿ 0301, 0302 ಅಂತ ಬಂದ್ರೆ ಒಂದು ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ, ಆ ಕೊನೇ ಅಂಕಿ ಸಿಲಿಂಡರ್ ನಂಬರು. 0301 ಬಂದ್ರೆ ಒಂದನೇ ಸಿಲಿಂಡರಿನ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋದು) ತೆಗೆದು ಮೂರಕ್ಕೆ ಹಾಕಿ, ಮೂರದ್ದನ್ನ ಒಂದಕ್ಕೆ ಹಾಕಿ ಓಡ್ಸಿ ನೋಡ್ಬೇಕು, ಕೋಡು 0303 ಆಗಿ ಬದಲಾದ್ರೆ ಕಾಯಿಲ್ಲೇ ಕೆಟ್ಟಿದ್ದು, ಹಾಗೇ 0301 ಇದ್ರೆ ಕಾಯಿಲ್ ಸರಿ ಇದೆ, ಪ್ಲಗ್ಗು, ಇಂಜೆಕ್ಟರು, ಕಂಪ್ರೆಷನ್ ನೋಡ್ಬೇಕು. ಇದನ್ನೂ ಕಾಕಾನೇ ಹೇಳಿಕೊಟ್ಟಿದ್ದು, ನಾನು ಚಹಾ ಕುಡೀತಿದ್ದಾಗ ಪಕ್ಕದ ಗಾಡೀಲಿ ಅದೇ ಕೆಲಸ ನಡೀತಿತ್ತು. ಬಿಡಿಭಾಗ ಬೇಕಾದ್ರೆ ಅವ್ರೇ ಲಾಭ ಇಟ್ಟು ಮಾರಲ್ಲ, ಪಾರ್ಟ್ ನಂಬರ್ ಬರೆದುಕೊಟ್ಟು ನಾನಾ ಪೇಟೆಯಿಂದ ನೀವೇ ತಗೊಂಡು ಬನ್ನಿ ಅಂತಾರೆ.

ಇಷ್ಟವಾಗದ ಸಂಗತಿನೂ ಹೇಳ್ಬೇಕಲ್ವಾ. ಕೂರೋಕೆ ಜಾಗ ಇಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ, ಅದ್ರ ಮೇಲೂ ಬ್ಯಾಟರಿ ಇಟ್ಟಿರ್ತಾರೆ. ಮಳೆ ಬಂದ್ರೆ ಗಾಡಿ ಅರ್ಧ ಹೊರಗೇ. ಹೆಂಗಸರಿಗೆ ಟಾಯ್ಲೆಟ್ ವ್ಯವಸ್ಥೆ ಇಲ್ಲ, ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ. ಬಿಲ್ಲು ಕೇಳಿದ್ರೆ ಚೀಟೀಲಿ ಬರ್ಕೊಡ್ತಾರೆ, ಆಫೀಸಿಂದ ಹಣ ವಾಪಸ್ ತಗೊಳ್ಳೋರಿಗೆ ಅದು ನಡೆಯಲ್ಲ. ಯಾವಾಗ ಮುಗಿಯುತ್ತೆ ಅಂತ ಕೇಳಿದ್ರೆ ನಿಖರವಾಗಿ ಹೇಳಲ್ಲ, ಸಿಕ್ಕಾಗ ಸಿಗತದ ಅಂತಾರೆ, ಅವಸರ ಇರೋರಿಗೆ ಕಷ್ಟ. ಹೊಸ ಬಿಎಸ್ 6 ಡೀಸೆಲ್ ಗಾಡಿ, ಕೀ ಕೋಡಿಂಗು, ಏರ್‌ಬ್ಯಾಗು ಇವನ್ನ ಮುಟ್ಟೋದಿಲ್ಲ, ಅದು ನನ್ನ ಕೆಲಸ ಅಲ್ಲ, ಕಂಪನಿಗೇ ಹೋಗಿ ಅಂತ ನೇರವಾಗಿ ಹೇಳ್ತಾರೆ. ವಾರಂಟಿ ಇರೋ ಗಾಡಿನೂ ಮುಟ್ಟಲ್ಲ, ವೈರ್ ಕತ್ತರಿಸಿದ್ರೆ ನಿಮ್ಮ ವಾರಂಟಿಗೆ ತೊಂದ್ರೆ ಆಗುತ್ತೆ ಅಂತ.

ಕಾಕಾ ಗ್ಯಾರೇಜಿಗೆ ನಾನು ಐದಕ್ಕೆ ಐದು ಕೊಡ್ತೀನಿ, ಕುರ್ಚಿ ಟಾಯ್ಲೆಟ್ಟಿಗೆ ಅಂಕ ಕಳೆಯೋ ಮನಸ್ಸಿಲ್ಲ. 1,400ರ ಡಾಂಗಲ್ಲಿಗೆ ನಾಲ್ಕು, 350ರದ್ದು ತಗೊಳ್ಳಲೇ ಬೇಡಿ.

ಗುರುವಾರ ರಜೆ, ಭಾನುವಾರ ತೆರೆದಿರುತ್ತೆ. ಹನ್ನೊಂದರ ಮೇಲೆ ರಿಕ್ಷಾದವ್ರ ಸಾಲು ನಿಂತ್ಬಿಡುತ್ತೆ, ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ. ಸೈಲೆನ್ಸರ್ ತಣ್ಣಗಿದ್ರೆ ಕಾಯೋದೂ ತಪ್ಪುತ್ತೆ, ಹಾಗಾಗಿ ಹತ್ತಿರದಲ್ಲೇ ಇರೋರು ಹಿಂದಿನ ರಾತ್ರಿನೇ ಗಾಡಿ ಬಿಟ್ಟು ಬಂದ್ರೂ ಆಗುತ್ತೆ, ಎದುರಿನ ಮನೆಯವ್ರು ಗೇಟ್ ಒಳಗೆ ಒಂದು ಗಾಡಿಗೆ ಜಾಗ ಕೊಡ್ತಾರೆ, ಕಾಕಾಗೆ ಮೊದಲೇ ಹೇಳಿಡ್ಬೇಕು ಅಷ್ಟೇ.